ಅಮ್ಮಯಮ್ಮ ಜೋಡಿಸದ ಹೆಸರುಗಳು

ರೈಲ್ವೆ ಸ್ಟೇಷನ್ ರಸ್ತೆಯ ತಿರುವಿನಲ್ಲಿ ಕಟ್ಟಿದ್ದ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ಅಮ್ಮಯಮ್ಮನ ಫೋಟೊ ಕೆಳಗೆ ‘ಸೌಮ್ಯ ಸ್ವಭಾವದವರು, ಮೃದುಭಾಷಿ’ ಎಂದು ಬರೆಸಿದ್ದರು. ಅವಳ ತಮ್ಮ ಮುನೀಂದ್ರನ ತಪ್ಪಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ಹೆಂಗಸರಿಗೆಂದು ಸಿದ್ಧವಾಗಿರುವ ಮಾತು ಅದು. ನಾನು ಆ ಫ್ಲೆಕ್ಸಿನ ಮುಂದೆ ನಿಂತು ಅಳಬೇಕಿತ್ತು. ಅಳು ಬರಲಿಲ್ಲ, ಸಿಟ್ಟು ಬಂತು. ಮೂವತ್ತೇಳು ವರ್ಷ ಅವಳನ್ನು ಬಲ್ಲೆ. ಅವಳು ಸೌಮ್ಯಳಾಗಿದ್ದರೆ ದೊಡ್ಡಬಳ್ಳಾಪುರದ ನೂರಾರು ಮಗ್ಗದ ಕೆಲಸಗಾರರ ಕಾಯಿಲೆ ಇವತ್ತು ಅವರ ಯಜಮಾನರ ಜೇಬಿನ ಫೋನಿನಲ್ಲಿ ಇರುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಮ್ಮಯಮ್ಮ ಡಾಕ್ಟರ್ ನರಸಿಂಹಯ್ಯನವರ ಕ್ಲಿನಿಕ್ಕಿನಲ್ಲಿ ಕೌಂಟರಿನ ಹಿಂದೆ ಕೂತವಳು. ನರ್ಸ್ ಅಲ್ಲ, ಕಾಂಪೌಂಡರ್ ಅಲ್ಲ. ಬಂದವರ ಕಾರ್ಡ್ ತೆಗೆದುಕೊಡುವುದು, ಚೀಟಿ ನೋಡಿ ಒಳಗೆ ಕಳಿಸುವುದು, ಮತ್ತೆ ಕಾರ್ಡ್ ಜಾಗಕ್ಕೆ ಸೇರಿಸುವುದು ಅವಳ ಕೆಲಸ. ಅಪ್ಪ ನೇಕಾರ. ಎಂಟನೇ ವಯಸ್ಸಿನಿಂದ ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದವಳು. ಮಗ್ಗದ ಸದ್ದಿನಲ್ಲೇ ಬೆಳೆದಿದ್ದರಿಂದ ಎಡಗಿವಿ ಬಹಳ ಮಂದ. ಮಗ್ಗದ ಮನೆಯವರೆಲ್ಲರ ಹಾಗೆ ಮಾತು ಜೋರು. ಮದುವೆಯಾಗಿ ನೆಲಮಂಗಲದ ಕಡೆ ಹೋದವಳು ಎರಡು ವರ್ಷಕ್ಕೆ ಒಂದು ಟ್ರಂಕಿನ ಜೊತೆ ವಾಪಸ್ ಬಂದಳು. ಯಾಕೆಂದು ಊರೆಲ್ಲ ಕೇಳಿತು. ‘ಸರಿಹೋಗ್ಲಿಲ್ಲ’ ಎಂಬ ಒಂದೇ ಮಾತನ್ನು ಎಲ್ಲರಿಗೂ ಹೇಳಿದಳು, ನನಗೂ ಅಷ್ಟೇ ಹೇಳಿದಳು. ಮೂವತ್ತೇಳು ವರ್ಷದಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಲಿಲ್ಲ.

ನಾನಾಗ ಊರಿನ ಗ್ರಂಥಾಲಯದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಕ್ಲಿನಿಕ್ಕು ಎದುರು ಸಾಲಿನಲ್ಲಿತ್ತು. ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ಅವಳು ಬರುತ್ತಿದ್ದಳು. ನನಗೊಂದು ಹೆಸರಿದೆ ಎಂಬುದನ್ನು ಅವಳು ಯಾವತ್ತೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. “ಏ ಲೈಬ್ರರಿ, ಉಪ್ಪಿನಕಾಯಿ ತಂದಿದೀಯೇನೆ?” ಎಂದು ಬಾಗಿಲಿನಿಂದಲೇ ಕೂಗುತ್ತಿದ್ದಳು. ಓದುತ್ತ ಕೂತ ಹಿರಿಯರು ಪೇಪರ್ ಕೆಳಗಿಳಿಸಿ ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. “ನಿಶ್ಶಬ್ದ ಅಂತ ಬೋರ್ಡ್ ಹಾಕಿದೀನಿ ಕಣೇ” ಎಂದರೆ, “ಬೋರ್ಡು ಎಡಗಡೆ ಐತೆ, ನಂಗ್ ಕೇಳ್ಸಲ್ಲ” ಎನ್ನುತ್ತಿದ್ದಳು.

ಇಂಥವಳು ಕ್ಲಿನಿಕ್ಕಿನ ಒಳಗೆ ಒಂದು ವಿಷಯದಲ್ಲಿ ಮಾತ್ರ ದನಿ ತಗ್ಗಿಸುತ್ತಿದ್ದಳು. ಹೊರಗೆ ಬೆಂಚಿನ ಮೇಲೆ ಹದಿನೈದು ಜನ ಕೂತಿರುವಾಗ ಯಾರ ಕಾಯಿಲೆಯ ಹೆಸರೂ ಅವಳ ಬಾಯಿಂದ ಬರುತ್ತಿರಲಿಲ್ಲ. ಹಳೆಯ ಡಾಕ್ಟರು, ನರಸಿಂಹಯ್ಯನವರು, ಕಲಿಸಿದ ಪಾಠ ಅದು. ಕಾರ್ಡಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡೇ ಒಳಗೆ ಒಯ್ಯುತ್ತಿದ್ದಳು.

ಕಾರ್ಡುಗಳನ್ನು ಇಡುತ್ತಿದ್ದ ರೀತಿ ಈ ಊರಿನದೇ. ಬೇರೆ ಕಡೆ ಹೆಸರಿನ ಮೊದಲಕ್ಷರದ ಮೇಲೆ ಜೋಡಿಸುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಮುನಿಯಮ್ಮಂದಿರೇ ಒಂದು ಡ್ರಾಯರ್ ತುಂಬುತ್ತಿದ್ದರು. ಅದಕ್ಕೆ ಹಳೆಯ ಡಾಕ್ಟರು ಮಗ್ಗದ ಶೆಡ್ಡಿನ ಮೇಲೆ ವಿಂಗಡಿಸಿದ್ದರು. ಒಂದು ಶೆಡ್ಡಿಗೆ ಒಂದು ಡ್ರಾಯರ್. ಗೋಪಾಲಪ್ಪನ ಶೆಡ್ಡು, ಕೆರೆ ಕಡೆಯ ಶೆಡ್ಡು, ಹೀಗೆ. ಕೆಲಸಗಾರರೂ ಹಾಗೇ ಹೇಳಿಕೊಂಡು ಬರುತ್ತಿದ್ದರು: “ಗೋಪಾಲಪ್ಪೋರ ಶೆಡ್ ಮುನಿಯಮ್ಮ, ಅಕ್ಕ.” ಕ್ಲಿನಿಕ್ಕಿಗೆ ಕಳಿಸುತ್ತಿದ್ದವರೂ ಬಹುಮಟ್ಟಿಗೆ ಯಜಮಾನರೇ.

ಎರಡು ಸಾವಿರದ ಒಂಬತ್ತರಲ್ಲಿ ಕಂಪ್ಯೂಟರ್ ಬಂತು. ಡಾಕ್ಟರ ಮಗ ರವಿಚಂದ್ರ ಆಗಷ್ಟೇ ಓದು ಮುಗಿಸಿ ಬಂದು ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಡ್ರಾಯರಿನಲ್ಲಿದ್ದ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದವಳು ಅಮ್ಮಯಮ್ಮನೇ. ಎರಡು ಬೆರಳಿನಲ್ಲಿ ಟೈಪು ಮಾಡುತ್ತ ಏಳು ತಿಂಗಳು ತೆಗೆದುಕೊಂಡಳು. ಆ ಸಾಫ್ಟ್‌ವೇರಿಗೆ ಒಂದು ಹಟವಿತ್ತು. ಹತ್ತು ಅಂಕಿಯ ಫೋನ್ ನಂಬರ್ ಹಾಕದಿದ್ದರೆ ಹೆಸರನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಆಗ ಶೆಡ್ಡಿನಲ್ಲಿ ಫೋನಿದ್ದದ್ದು ಯಜಮಾನನಿಗೆ, ಹೆಚ್ಚೆಂದರೆ ಮೇಸ್ತ್ರಿಗೆ. ಅಮ್ಮಯಮ್ಮ ಪ್ರತಿ ಡ್ರಾಯರಿನ ಕಾರ್ಡುಗಳಿಗೂ ಆ ಶೆಡ್ಡಿನ ಯಜಮಾನನ ನಂಬರನ್ನೇ ಹಾಕುತ್ತ ಹೋದಳು. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ಆ ನಂಬರಿಗೆ ಯಾರೂ ಯಾವತ್ತೂ ಏನನ್ನೂ ಕಳಿಸುತ್ತಲೂ ಇರಲಿಲ್ಲ. ಆಮೇಲೆ ಹೊಸಬರು ಬಂದಾಗಲೂ ರೂಢಿ ಹಾಗೇ ಮುಂದುವರಿಯಿತು. ಶೆಡ್ಡು ಯಾವುದು ಅಂದರೆ ನಂಬರೂ ಅದೇ.

ಹಳೆಯ ಡಾಕ್ಟರು ತೀರಿಕೊಂಡರು. ರವಿಚಂದ್ರರು ಒಬ್ಬರೇ ನಡೆಸತೊಡಗಿದರು. ಒಳ್ಳೆಯ ವೈದ್ಯರು, ಅದರಲ್ಲಿ ಎರಡು ಮಾತಿಲ್ಲ. ಎರಡು ವರ್ಷದ ಹಿಂದೆ ಅವರು ಕ್ಲಿನಿಕ್ಕಿನ ಸಾಫ್ಟ್‌ವೇರನ್ನು ಒಂದು ಆನ್‌ಲೈನ್ ಪೋರ್ಟಲ್ಲಿಗೆ ಜೋಡಿಸಲು ನಿರ್ಧರಿಸಿದರು. ರೋಗಿಗಳು ಮನೆಯಲ್ಲೇ ಕೂತು ಫೋನಿನಲ್ಲಿ ತಮ್ಮ ರಿಪೋರ್ಟು, ಔಷಧಿ ಚೀಟಿ, ಮುಂದೆ ಬರಬೇಕಾದ ತಾರೀಖು ಎಲ್ಲ ನೋಡಬಹುದು. ಜೋಡಿಸಿಕೊಡಲು ಬೆಂಗಳೂರಿನಿಂದ ಅಕ್ಷತ ಎಂಬಾಕೆ ಬಂದರು. ಮೂವತ್ತೈದರ ಆಸುಪಾಸು, ಲ್ಯಾಪ್‌ಟಾಪಿನ ಜೊತೆ ಮಗುವಿನ ಬಾಟಲಿಯೂ ಇದ್ದ ಚೀಲ.

ಅಮ್ಮಯಮ್ಮ ಪೋರ್ಟಲ್ಲಿಗೆ ವಿರೋಧವಾಗಿದ್ದಳು ಎಂದು ಈಗ ಕೆಲವರು ಹೇಳುತ್ತಾರೆ. ಸುಳ್ಳು. ಅವಳಿಗೆ ಖುಷಿಯಾಗಿತ್ತು. ಬಾಣಂತನಕ್ಕೆ ಗೌರಿಬಿದನೂರಿಗೆ ಹೋದ ಹುಡುಗಿ ಅಲ್ಲಿನ ಡಾಕ್ಟರಿಗೆ ಇಲ್ಲಿಯ ರಿಪೋರ್ಟು ತೋರಿಸಬಹುದಲ್ಲ ಎಂದು ನನ್ನ ಹತ್ತಿರ ಬಂದು ಹೇಳಿದ್ದಳು. ಅಕ್ಷತ ಅವರಿಗೆ ಕಾಫಿ ತರಿಸಿಕೊಟ್ಟು, ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು, ಬಲಗಿವಿ ಆ ಕಡೆ ಮಾಡಿಕೊಂಡು.

“ತುಂಬ ಈಸಿ ಮೇಡಂ” ಎಂದರಂತೆ ಅಕ್ಷತ. “ನಿಮ್ಮ ಕಂಪ್ಯೂಟರಲ್ಲಿರೋ ಫೋನ್ ನಂಬರಿಗೆ ಒಂದು ಮೆಸೇಜ್ ಹೋಗುತ್ತೆ. ಅದನ್ನ ಒತ್ತಿದ್ರೆ ಓಟಿಪಿ ಬರುತ್ತೆ. ಓಟಿಪಿ ಹಾಕಿದ್ರೆ ಆ ನಂಬರಲ್ಲಿರೋ ಎಲ್ಲರ ರೆಕಾರ್ಡೂ ಓಪನ್. ಒಂದೇ ನಂಬರಲ್ಲಿ ನಾಲ್ಕು ಜನ ಇದ್ರೆ ಪೋರ್ಟಲ್ ಅವ್ರನ್ನ ಒಂದು ಫ್ಯಾಮಿಲಿ ಅಂತ ತಗೊಳ್ಳುತ್ತೆ.”

ಮೊದಲು ಒಂದು ಕುಟುಂಬದ ಮೇಲೆ ಪ್ರಯೋಗ ಮಾಡೋಣವೆಂದು ಅಕ್ಷತ ಹೆಚ್ಚು ಜನರಿರುವ ನಂಬರನ್ನೇ ಆರಿಸಿದರು. ಗುಂಡಿ ಒತ್ತಿದರು. ಪರದೆಯ ಮೇಲೆ ಬಂತು: ಗೋಪಾಲಪ್ಪ, ಕುಟುಂಬದ ಸದಸ್ಯರು ನಲವತ್ತಮೂರು.

“ಅಬ್ಬ, ಎಷ್ಟು ದೊಡ್ಡ ಫ್ಯಾಮಿಲಿ!”

“ಹೂಂ ಕಣವ್ವ, ನಲವತ್ಮೂರು ಹೆತ್ತವ್ನೆ” ಎಂದು ಅಮ್ಮಯಮ್ಮ ನಕ್ಕಳು. “ಅದ್ರಲ್ಲಿ ಹನ್ನೊಂದು ಬಿಹಾರದವು.”

ನಗುತ್ತಲೇ ಪಟ್ಟಿಯ ಮೇಲೆ ಕಣ್ಣಾಡಿಸಿದಳು. ನಡುವೆ ಚಿನ್ನಸ್ವಾಮಿಯ ಹೆಸರು ಕಂಡಾಗ ನಗು ನಿಂತಿತು.

ಚಿನ್ನಸ್ವಾಮಿ ಗೋಪಾಲಪ್ಪನ ಶೆಡ್ಡಿನಲ್ಲಿ ಹನ್ನೆರಡು ವರ್ಷದಿಂದ ಮಗ್ಗ ಬಿಡುತ್ತಿದ್ದವನು; ಮಗ್ಗ ಓಡಿಸುವುದಕ್ಕೆ ಇಲ್ಲಿ ಬಿಡುವುದು ಎನ್ನುತ್ತಾರೆ. ಶೆಡ್ಡಿನ ಹಿಂದಿನ ಸಾಲುಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಜೊತೆ ವಾಸ. ಆಗ ಅವನಿಗೆ ಕ್ಷಯದ ಚಿಕಿತ್ಸೆ ಶುರುವಾಗಿ ಮೂರು ತಿಂಗಳಾಗಿತ್ತು. ಮೊದಲ ತಿಂಗಳು ಊರಿಗೆ ಹೋಗಿ ಉಳಿದು, ಕಫದ ಪರೀಕ್ಷೆ ಸ್ವಚ್ಛವೆಂದು ಬಂದ ಮೇಲೆ, ಇನ್ನು ಯಾರಿಗೂ ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ ಮಗ್ಗಕ್ಕೆ ವಾಪಸಾಗಿದ್ದ. ಆದರೆ ಗೋಪಾಲಪ್ಪನಿಗೆ ಇದನ್ನೆಲ್ಲ ಬಿಡಿಸಿ ಹೇಳುವವರು ಯಾರು? ನಾಲ್ಕು ವರ್ಷದ ಹಿಂದೆ ಅದೇ ಸಾಲುಮನೆಯಿಂದ ಒಬ್ಬ ಹೆಂಗಸನ್ನು ಬರೀ ಕೆಮ್ಮಿದ್ದಕ್ಕೆ ಒಂದು ಮಧ್ಯಾಹ್ನದೊಳಗೆ ಖಾಲಿ ಮಾಡಿಸಿದ್ದ. (ಚಿನ್ನಸ್ವಾಮಿಯ ವಿಷಯವನ್ನು ನಾನು ಅವನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಒಪ್ಪದಿದ್ದರೆ ಅಮ್ಮಯಮ್ಮನ ಹೆಸರಿನಲ್ಲಿ ಬರೆಯುವ ಯೋಗ್ಯತೆಯೇ ನನಗಿರುತ್ತಿರಲಿಲ್ಲ.)

“ಇದನ್ನ ವಾಪಸ್ ತಗೊ” ಎಂದಳು ಅಮ್ಮಯಮ್ಮ.

“ಮೆಸೇಜ್ ಹೋಗಿಬಿಟ್ಟಿದೆ ಮೇಡಂ.”

“ಹೋಗಿದ್ರೆ ಕರಿ.”

ಅಕ್ಷತ ಅವರಿಗೆ ಆಗ ಅರ್ಥವಾಯಿತು. ಮುಖ ಬಿಳಿಚಿಕೊಂಡಿತು ಎಂದು ಅಮ್ಮಯಮ್ಮ ಆಮೇಲೆ ಹೇಳಿದಳು. ಆಫೀಸಿಗೆ ಫೋನ್ ಮಾಡಿದರು. ಮೆಸೇಜಿನಲ್ಲಿರುವ ಲಿಂಕನ್ನು, ಆ ಕೊಂಡಿಯನ್ನು ಮುಚ್ಚಬಹುದು, ಆದರೆ ಬೇರೆ ವಿಭಾಗದವರು ಮಾಡಬೇಕು, ನಾಳೆ ಸಂಜೆಯಾಗುತ್ತದೆ ಎಂದರು. ಅಲ್ಲಿಯವರೆಗೆ ಗೋಪಾಲಪ್ಪ ಆ ಮೆಸೇಜನ್ನು ಒತ್ತದಿದ್ದರೆ ಸಾಕು.

ಮಾರನೆಯ ಬೆಳಿಗ್ಗೆ ನಾನು ಬಿಪಿ ಮಾತ್ರೆಗೆಂದು ಕ್ಲಿನಿಕ್ಕಿನಲ್ಲಿ ಕೂತಿದ್ದೆ. ಆದ್ದರಿಂದ ಮುಂದಿನದು ಕೇಳಿದ್ದಲ್ಲ, ಕಂಡದ್ದು. ಬೆಂಚಿನ ತುಂಬ ಜನ. ಒಂಬತ್ತೂವರೆಗೆ ಗೋಪಾಲಪ್ಪ ಬಂದ. ಮೂವತ್ತೆರಡು ಮಗ್ಗದ ಯಜಮಾನ, ಕ್ಲಿನಿಕ್ ಇರುವ ಕಟ್ಟಡವೂ ಅವನದೇ. ಸೀದಾ ಕೌಂಟರಿಗೆ ಹೋಗಿ ಫೋನ್ ಮುಂದಿಟ್ಟ.

“ಅಮ್ಮಯ್ಯ, ಕನ್ನಡಕ ಮನೇಲ್ ಬಿಟ್ಬಂದ್ಬಿಟ್ಟೆ. ಇದೇನೋ ನಿಮ್ ಕ್ಲಿನಿಕ್ಕಿಂದಾನೇ ಬಂದೈತೆ. ನಿಮ್ಮ ಕುಟುಂಬದ ಆರೋಗ್ಯ ಅಂತೆ. ಒಸಿ ತೆಗ್ದು ತೋರ್ಸವ್ವ.”

ಅಮ್ಮಯಮ್ಮ ಫೋನ್ ಕೈಗೆ ತೆಗೆದುಕೊಂಡಳು. ನೋಡಿದಳು. ಮುಖ ಕೆಳಗೆ ಮಾಡಿ ಕೌಂಟರಿನ ಮೇಲಿಟ್ಟಳು.

“ತೆಗೆಯಲ್ಲ.”

“ಯಾಕೆ, ನೆಟ್ ಇಲ್ವಾ?”

“ನೆಟ್ ಐತೆ. ತೆಗೆಯಲ್ಲ. ಅದು ನಿಂದಲ್ಲ ಗೋಪಾಲಪ್ಪ.”

“ನನ್ ನಂಬರಿಗೆ ಬಂದಿರೋದು ನಂದಲ್ದೆ ನಿಮ್ಮಪ್ಪಂದಾ?”

“ನಮ್ಮಪ್ಪಂದೂ ಅಲ್ಲ. ನಿನ್ ಶೆಡ್ಡಲ್ಲಿ ಕೆಲ್ಸ ಮಾಡೋರ್ದು. ಅವ್ರಿಗೆಲ್ಲ ನಿನ್ ನಂಬರ್ ಹಾಕಿದ್ದು ನಾನು. ತಪ್ಪು ನಂದು, ಊರ್ಗೆಲ್ಲ ಕೇಳೋ ಹಂಗೆ ಹೇಳ್ತೀನಿ, ತಪ್ಪು ನಂದು. ಆದ್ರೆ ಅದನ್ನ ತೆಗೆಯೋ ಹಕ್ಕು ನಿಂಗಿಲ್ಲ.”

ಅವಳು ದನಿ ತಗ್ಗಿಸಲಿಲ್ಲ. ಮಗ್ಗಗಳ ನಡುವೆ ಮಾತಾಡುವ ದನಿಯಲ್ಲೇ ಹೇಳಿದಳು. ಬೆಂಚಿನ ಮೇಲಿದ್ದವರೆಲ್ಲ ಕೌಂಟರಿನ ಕಡೆ ತಿರುಗಿದರು.

“ಕಳ್ಸೋನು ನಾನು. ನನ್ ಆಳುಗಳು ಕಣವ್ವ ಅವ್ರು. ಅವ್ರಿಗೇನಾಗೈತೆ ಅಂತ ನಂಗೆ ಗೊತ್ತಾಗ್ಬಾರ್ದಾ?”

“ಮಗ್ಗ ನಿಂದು. ಶೆಡ್ ನಿಂದು. ನಂಬರೂ ನಿಂದೇ. ಮೈ ಅವ್ರದು.”

“ಈ ಬಿಲ್ಡಿಂಗ್ ಯಾರ್ದು ಗೊತ್ತಾ?”

“ಗೊತ್ತು. ಬೀಗದಕೈ ಕೊಡ್ಲಾ?” ಎಂದು ಡ್ರಾಯರಿನಿಂದ ಗೊಂಚಲು ತೆಗೆದು ಫೋನಿನ ಪಕ್ಕದಲ್ಲಿಟ್ಟಳು. “ಎರಡರಲ್ಲಿ ಒಂದು ತಗೊಂಡ್ ಹೋಗು.”

ಗೋಪಾಲಪ್ಪ ಎರಡನ್ನೂ ನೋಡುತ್ತ ನಿಂತ. ಅಷ್ಟರಲ್ಲಿ ಬೆಂಚಿನ ಕೊನೆಯಲ್ಲಿ ಕೂತಿದ್ದ ಒಬ್ಬ ಹೆಂಗಸು ಎದ್ದಳು. ಅವನ ಶೆಡ್ಡಿನಲ್ಲೇ ಕಂಡಿಕೆ ಸುತ್ತುವವಳು. ಸೆರಗು ತಲೆಯ ಮೇಲೆ ಎಳೆದುಕೊಂಡು, “ಯಜಮಾನ್ರೇ, ಅದ್ರಲ್ಲಿ ನಂದೂ ಐತೆ. ತೆಗಿಬ್ಯಾಡಿ” ಎಂದಳು. ಬೇಡಿದ ಹಾಗಿರಲಿಲ್ಲ.

ಗೋಪಾಲಪ್ಪ ಫೋನನ್ನೇ ತೆಗೆದುಕೊಂಡ. “ನಿಮ್ ಡಾಕ್ಟ್ರ ಹತ್ರ ಮಾತಾಡ್ತೀನಿ” ಎಂದು ಮೆಟ್ಟಿಲಿಳಿದ.

ನಾನು ಒಳಗೆ ಹೋಗಿ ಅಮ್ಮಯಮ್ಮನ ಕೈ ಹಿಡಿದೆ. “ಹುಚ್ಚಿ, ಲಿಂಕ್ ಹಾಳಾಗೈತೆ, ತೆಗೆಯೋಕ್ ಬರಲ್ಲ ಅಂತ ಒಂದು ಸುಳ್ಳು ಹೇಳ್ಬಾರ್ದಿತ್ತೇನೆ?”

“ಸುಳ್ಳು ಹೇಳಿದ್ರೆ ಮನೇಗ್ ಹೋಗಿ ಸೊಸೆ ಕೈಲಿ ತೆಗೆಸ್ತಿದ್ದ” ಎಂದಳು. “ಈಗ ಇಷ್ಟು ಜನ ಕೇಳ್ಕೊಂಡವ್ರೆ. ತೆಗೆದ್ರೆ ಕದ್ದು ತೆಗೆದಂಗೆ ಆಗುತ್ತೆ. ಅವ್ನು ಜೋರು, ಆದ್ರೆ ಕಳ್ಳ ಅಲ್ಲ ಕಣೇ.”

ಆ ದಿನವೆಲ್ಲ ಅವಳು ಅನ್ನ ಮುಟ್ಟಲಿಲ್ಲ. ಸಂಜೆ ಐದೂವರೆಗೆ ಅಕ್ಷತ ಫೋನ್ ಮಾಡಿದರು. ಕೊಂಡಿ ಮುಚ್ಚಿತು, ಯಾರೂ ತೆರೆದಿಲ್ಲ. ಅಮ್ಮಯಮ್ಮ ಫೋನ್ ಇಟ್ಟು ಉಪ್ಪಿನಕಾಯಿ ಡಬ್ಬಿ ಕೇಳಿದಳು.

ಆದರೆ ಮುಗಿದದ್ದು ಒಬ್ಬ ಗೋಪಾಲಪ್ಪನ ನಂಬರ್ ಮಾತ್ರ. ಹೀಗೆ ಯಜಮಾನರ ನಂಬರಿಗೆ ಅಂಟಿಕೊಂಡ ಹೆಸರುಗಳು ಸಾವಿರದ ನೂರಿಪ್ಪತ್ತಾರು ಎಂದು ಅವಳು ಎಣಿಸಿ ತೆಗೆದಳು. ಅವರೆಲ್ಲರನ್ನೂ ಒಬ್ಬೊಬ್ಬರಾಗಿ ಕೇಳಿ, ಅವರವರ ಸ್ವಂತ ನಂಬರ್ ಹಾಕುವವರೆಗೆ ಪೋರ್ಟಲ್ ಜೋಡಿಸಬಾರದು ಎಂದಳು. ಕೊಡದವರ ನಂಬರ್ ಖಾಲಿ ಇರಬೇಕು. ರವಿಚಂದ್ರರು ಅಷ್ಟರಲ್ಲಿ ಗೋಪಾಲಪ್ಪನಿಂದ ಬೈಸಿಕೊಂಡು ಬಂದಿದ್ದರು.

“ಸಾವಿರ ಜನರನ್ನ ಯಾರು ಹುಡುಕ್ಕೊಂಡು ಹೋಗ್ತಾರೆ ಅಮ್ಮಯಮ್ಮ? ಬಂದಾಗ ಬಂದಾಗ ತಿದ್ದಿದ್ರಾಯ್ತು. ಈಗ ಜೋಡಿಸಿಬಿಡೋಣ.”

“ಜೋಡಿಸಿದ ದಿನಾನೇ ಸಾವಿರ ಮೆಸೇಜ್ ಹೋಗ್ತವೆ. ಅವ್ರು ಬರೋ ಹೊತ್ತಿಗೆ ಕೆಲ್ಸಾನೂ ಹೋಗಿರುತ್ತೆ, ಮನೇನೂ ಹೋಗಿರುತ್ತೆ.”

“ನೀವು ಎಲ್ಲಾನೂ ದೊಡ್ಡದು ಮಾಡ್ತೀರಿ. ಪ್ರಪಂಚ ಎಲ್ಲಿಗೆ ಹೋಗಿದೆ, ನಾವಿನ್ನೂ ಡ್ರಾಯರ್ ಕಾಲದಲ್ಲೇ ಇದೀವಿ.”

“ಪ್ರಪಂಚಾನ ನಾನ್ ಹಿಡ್ಕೊಂಡಿಲ್ಲ ಸಾ. ಈ ಒಂದು ಗುಂಡಿ ಒತ್ತಲ್ಲ ಅಂದೆ ಅಷ್ಟೆ.”

“ಹಾಗಾದ್ರೆ ಒತ್ತೋರನ್ನ ಕರ್ಕೊಂಡು ಬರ್ತೀನಿ. ನೀವು ಮನೇಲಿರಿ.”

ಮೂವತ್ತೈದು ವರ್ಷದ ಕೆಲಸ ಹಾಗೆ ಒಂದು ಮಾತಿನಲ್ಲಿ ಹೋಯಿತು. ಅವಳು ಚಪ್ಪಲಿ ಮೆಟ್ಟಿ ಎದುರಿನ ಗ್ರಂಥಾಲಯಕ್ಕೆ ಬಂದು ಕೂತಳು. ನಾಲ್ಕು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲೇ ಕೂತಳು, ಕಿಟಕಿಯಿಂದ ಕ್ಲಿನಿಕ್ಕಿನ ಬಾಗಿಲು ನೋಡುತ್ತ. ಕ್ಲಿನಿಕ್ಕಿಗೆ ಹೋಗುವವರು ಕಿಟಕಿಯಲ್ಲಿ ಅವಳನ್ನು ಕಂಡು ಮೊದಲು ಇಲ್ಲಿಗೆ ಬರತೊಡಗಿದರು. ನನ್ನ ಓದುಗರು ದೂರು ಕೊಟ್ಟರು. ನಾನು ದೂರಿನ ಪುಸ್ತಕವನ್ನು ಬೀರುವಿನೊಳಗಿಟ್ಟೆ. ವೃತ್ತಿಯಲ್ಲಿ ನಾನು ಮಾಡಿದ ಅಕ್ರಮ ಅದೊಂದೇ.

ಐದನೆಯ ದಿನ ರವಿಚಂದ್ರರೇ ರಸ್ತೆ ದಾಟಿ ಬಂದರು. ಕೈಯಲ್ಲಿ ಒಂದು ಹಾಳೆ. ಪೋರ್ಟಲ್ ಜೋಡಿಸುವ ಮುನ್ನ ಡಾಕ್ಟರು ಸಹಿ ಮಾಡಬೇಕಾದ ಹಾಳೆ ಅದು. ಪ್ರತಿ ಫೋನ್ ನಂಬರೂ ಆಯಾ ರೋಗಿಯದೇ ಅಥವಾ ಅವರ ಮನೆಯವರದೇ ಎಂದು ನಾನು ದೃಢೀಕರಿಸುತ್ತೇನೆ ಎಂದು ಅದರಲ್ಲಿತ್ತು. ಅಕ್ಷತ ಅದನ್ನು ಅವರ ಮುಂದಿಟ್ಟು, “ಸರ್, ಗೊತ್ತಿದ್ದೂ ಇದಕ್ಕೆ ಸಹಿ ಹಾಕಿಸ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ. ನೀವಾಗೇ ಹಾಕಿದ್ರೆ ನಾನು ಏನೂ ಹೇಳಲ್ಲ” ಎಂದಿದ್ದರಂತೆ. ಮೂರು ದಿನ ಪೆನ್ ಹಿಡಿದುಕೊಂಡು ಕೂತಿದ್ದರಂತೆ ಇವರು.

“ಅಪ್ಪ ಇದ್ದಿದ್ರೆ ಹಾಕ್ತಿರ್ಲಿಲ್ಲ” ಎಂದರು, ನನ್ನ ಮೇಜಿನ ಪಕ್ಕ ನಿಂತು.

“ನಿಮ್ಮಪ್ಪನ್ ವಿಷ್ಯ ಬಿಡಿ. ನೀವ್ ಹಾಕ್ಲಿಲ್ವಲ್ಲ, ಅದನ್ನ ಹೇಳಿ” ಎಂದಳು ಅಮ್ಮಯಮ್ಮ. ಎದ್ದು ಚಪ್ಪಲಿ ಹುಡುಕಿದಳು.

ಅಕ್ಷತ ಸಾಫ್ಟ್‌ವೇರಿನಲ್ಲಿ ಒಂದು ಬದಲಾವಣೆ ಮಾಡಿಸಿಕೊಟ್ಟರು. ನಂಬರ್ ಖಾಲಿ ಬಿಟ್ಟರೂ ಹೆಸರು ಉಳಿಯುವಂತೆ, ಖಾಲಿ ಇರುವವರು ಪೋರ್ಟಲ್ಲಿಗೆ ಹೋಗದಂತೆ. ಯಜಮಾನರ ನಂಬರುಗಳನ್ನೆಲ್ಲ ಅಳಿಸಿದ ಮೇಲೆಯೇ ಪೋರ್ಟಲ್ ಜೋಡಿಸಿದ್ದು. ಹದಿನಾಲ್ಕು ವರ್ಷದ ಹಿಂದೆ ಅದೊಂದು ಇದ್ದಿದ್ದರೆ ಈ ಯಾವ ಪಾಡೂ ಇರುತ್ತಿರಲಿಲ್ಲ.

ಇನ್ನು ಕೇಳುವ ಕೆಲಸ. ಮಗ್ಗ ಓಡುವಾಗ ಶೆಡ್ಡಿನೊಳಗೆ ಮಾತು ಕೇಳುವುದಿಲ್ಲ. ಬಿಡುವಿನಲ್ಲಿ ಯಜಮಾನನ ಕಣ್ಣಿರುತ್ತದೆ. ಕೆಲಸಗಾರರು ಗುಂಪಾಗಿ ಬೀದಿಗೆ ಬಂದು ಕೂರುವುದು ಒಂದೇ ಸಂದರ್ಭದಲ್ಲಿ, ದುರಸ್ತಿಗೆಂದು ಹಗಲಿಡೀ ಕರೆಂಟ್ ತೆಗೆಯುವ ದಿನ. ಆ ದಿನ ಊರೇ ಕಿವಿ ತೊಳೆದುಕೊಂಡ ಹಾಗಿರುತ್ತದೆ. ವಿದ್ಯುತ್ ವ್ಯತ್ಯಯದ ಪ್ರಕಟಣೆ ಹಿಂದಿನ ದಿನದ ಪೇಪರಿನಲ್ಲಿ ಬರುತ್ತದಲ್ಲ, ಅದನ್ನು ನೋಡಿ ಯಾವ ಬೀದಿ ಎಂದು ಅವಳಿಗೆ ಹೇಳುವುದು ನನ್ನ ಪಾಲಿನ ಕೆಲಸವಾಯಿತು. ಇಷ್ಟು ಪುಸ್ತಕ ಓದಿದ್ದೇನೆ. ಆದರೆ ನನ್ನ ಓದು ಊರಿಗೆ ನೇರವಾಗಿ ಉಪಯೋಗಕ್ಕೆ ಬಂದದ್ದು ಆ ಪ್ರಕಟಣೆಗಳಿಂದ ಎಂದು ಈಗ ಅನ್ನಿಸುತ್ತದೆ.

ಅವಳ ಕೈಯಲ್ಲಿ ಉದ್ದನೆಯ ಒಂದು ರಿಜಿಸ್ಟರ್. ಅದರಲ್ಲಿ ಹೆಸರು, ನಂಬರ್, ‘ಕೇಳಿದೆ’ ಎಂಬ ಮೂರು ಕಾಲಮ್ಮು ಮಾತ್ರ. ಕಾಯಿಲೆಯ ಒಂದಕ್ಷರವೂ ಅದರಲ್ಲಿ ಇರಲಿಲ್ಲ.

“ನಂಬರ್ ಯಾಕಕ್ಕ, ಹೆಣ್ಣು ತೋರಿಸ್ತೀಯಾ?” ಎಂದು ಒಬ್ಬ ಕೆಣಕುತ್ತಿದ್ದ.

“ನಿನ್ ಮುಖಕ್ಕೆ ಯಾರ್ಲಾ ಕೊಡ್ತಾರೆ? ಮೊದ್ಲು ಸ್ನಾನ ಮಾಡು, ಆಮೇಲ್ ನೋಡಣ.”

ಯಜಮಾನನದು ಬೇಡ, ನಿಮ್ಮದೇ ಕೊಡಿ ಎನ್ನಲು ಬಿಹಾರದವರ ಹತ್ತಿರ ಅವಳದೇ ಒಂದು ಹಿಂದಿ: “ಸೇಠ್ ಕಾ ನಂಬರ್ ನಕ್ಕೋ. ತುಮಾರಾ. ಸಿರ್ಫ್ ತುಮಾರಾ.” ಅವರು ನಗುತ್ತ ಫೋನ್ ತೆಗೆದು ತೋರಿಸುತ್ತಿದ್ದರು.

ಗೋಪಾಲಪ್ಪನ ಶೆಡ್ಡಿಗೆ ಹೋದ ದಿನ ನಾನೂ ಜೊತೆಗಿದ್ದೆ. ಅವನು ಬಾಗಿಲಲ್ಲಿ ಅಡ್ಡ ನಿಂತ. ಅಮ್ಮಯಮ್ಮ ಒಳಗೆ ಹೋಗುವ ಪ್ರಯತ್ನವನ್ನೇ ಮಾಡಲಿಲ್ಲ. ಎದುರಿನ ಚರಂಡಿಯ ಕಲ್ಲುಚಪ್ಪಡಿಯ ಮೇಲೆ ಕೂತು ರಿಜಿಸ್ಟರ್ ಬಿಚ್ಚಿದಳು. ಬೀದಿ ಅವನದಾಗಿರಲಿಲ್ಲ. ಮೊದಲು ಬಂದವಳು ಅವತ್ತು ಬೆಂಚಿನಿಂದ ಎದ್ದು ನಿಂತಿದ್ದ ಹೆಂಗಸು. ಅವಳ ಹಿಂದೆ ಉಳಿದವರು.

ಚಿನ್ನಸ್ವಾಮಿ ಕೊನೆಗೆ ಬಂದ. ಅವನ ಹತ್ತಿರ ಫೋನಿರಲಿಲ್ಲ.

“ಅಕ್ಕ, ನನ್ ಹೆಸ್ರೇ ತೆಗ್ದಾಕ್ಬಿಡು” ಎಂದ. “ಎಲ್ಲೂ ಇರೋದು ಬ್ಯಾಡ.”

“ಹೆಸ್ರು ತೆಗೆದ್ರೆ ನಿನ್ ಗುಳಿಗೆ ಲೆಕ್ಕ ನಿಮ್ಮಜ್ಜಿ ಇಡ್ತಾಳಾ? ಹೆಸ್ರು ಇರ್ತೈತೆ. ನಂಬರ್ ಖಾಲಿ ಇರ್ತೈತೆ. ಯಾರಿಗೂ ಹೋಗಲ್ಲ. ತಲೆ ಎತ್ಕೊಂಡು ಮಗ್ಗ ಬಿಡೋ.”

ಅವನ ಚಿಕಿತ್ಸೆ ಆರು ತಿಂಗಳಿಗೆ ಮುಗಿಯಿತು. ಆ ಕೆಲಸ, ಆ ಮನೆ ಎರಡೂ ಇವತ್ತಿಗೂ ಉಳಿದಿವೆ. ಆಮೇಲೊಂದು ದಿನ ಹೊಸ ಫೋನ್ ಹಿಡಿದುಕೊಂಡು ಕೌಂಟರಿಗೆ ಬಂದು, ನಂಬರ್ ಹಾಕಿಸಿ, ಅಲ್ಲೇ ನಿಂತು ಓಟಿಪಿ ಒತ್ತಿದ. ಅವನ ರೆಕಾರ್ಡು ತೆರೆಯಿತು. ಕುಟುಂಬದ ಸದಸ್ಯರು ಒಬ್ಬರು ಎಂದು ಬಂತು. “ಹೆಂಡ್ರು ಮಕ್ಳನ್ನ ಇವ್ರು ಬಿಟ್ಬಿಟ್ಟವ್ರಲ್ಲಕ್ಕ” ಎಂದ. “ಅವ್ರನ್ನ ಕೇಳ್ಕೊಂಡು ಬಾ, ಆಮೇಲೆ” ಎಂದಳು ಇವಳು.

ಒಂದೂವರೆ ವರ್ಷ ಹೀಗೆ ನಡೆಯಿತು. ಇದರ ಕೊನೆಯ ಏಳು ತಿಂಗಳು ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆಯುತ್ತಿತ್ತು. ಅವಳಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ಗುರುವಾರ ಗುರುವಾರ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತಿದ್ದಳು, ಮುನೀಂದ್ರನ ಮಗಳ ಮನೆಗೆ ಎಂದು. ಸೀರೆ ಸಡಿಲವಾದದ್ದನ್ನು ಕಂಡು ಕೇಳಿದೆ. “ಬೀದಿ ಸುತ್ತಿ ಸುತ್ತಿ ಸಣ್ಣಗಾಗಿದೀನಿ, ನಿನ್ ಹಂಗೆ ಕೂತು ಓದ್ತಿದ್ರೆ ದಪ್ಪ ಆಗ್ತಿದ್ದೆ” ಎಂದಳು. ನಾನು ನಂಬಿದೆ. ಎದ್ದು ಓಡಾಡಲಾರದೆ ಮಲಗಿದ ಮೇಲೆ, ಕೊನೆಯ ಹತ್ತೊಂಬತ್ತು ದಿನ ಮಾತ್ರ ನನ್ನ ಪಾಲಿಗೆ ಸಿಕ್ಕವು.

ಅವಳ ಮಂಚದ ಪಕ್ಕ ಕೂತು ಜಗಳವಾಡಿದೆ. ಸಾಯುತ್ತಿರುವವರ ಜೊತೆ ಹಾಗೆ ಜಗಳವಾಡಬಾರದು ಎಂದು ಯಾರಾದರೂ ಹೇಳಬಹುದು. ಆಡಿದೆ. “ನಾನ್ ಯಾರೋ ಗೋಪಾಲಪ್ಪನೇನೆ ನಿಂಗೆ? ನನ್ನಿಂದಾನೂ ಮುಚ್ಚಿಡ್ಬೇಕಿತ್ತಾ?”

“ನೀನ್ ಗೋಪಾಲಪ್ಪ ಅಲ್ಲ. ಅವ್ನಿಗಿಂತ ಕಷ್ಟ. ಹೇಳಿದ್ರೆ ಈ ಕಾಯಿಲೆ ಮೇಲೆ ಯಾವ್ಯಾವ್ದೋ ಪುಸ್ತಕ ತಂದು ಓದಿ ನಂಗೆ ಒಪ್ಪಿಸ್ತಿದ್ದೆ.”

“ಓದ್ತಿದ್ದೆ. ಓದಿದ್ರೆ ಏನೀಗ?”

“ಅದಕ್ಕೇ ಹೇಳ್ಲಿಲ್ಲ. ಏಳು ತಿಂಗ್ಳು ನಿನ್ ಜೊತೆ ಚೆನ್ನಾಗಿ ಊಟ ಮಾಡ್ದೆ. ಅದನ್ನ ಕೊಡ್ತಿರ್ಲಿಲ್ಲ ನೀನು. ನಂದು ಕಣೇ ಅದು. ನಾನ್ ಯಾರಿಗ್ ಕೊಡ್ಬೇಕೋ ಅವ್ರಿಗೆ, ಯಾವಾಗ ಕೊಡ್ಬೇಕೋ ಆವಾಗ” ಎಂದಳು.

ಅವಳು ಹೇಳಿದ್ದು ಸರಿ ಎಂದು ನನ್ನ ಬುದ್ಧಿ ಒಪ್ಪುತ್ತದೆ. ಇನ್ನೂ ಕ್ಷಮಿಸಿಲ್ಲ. ಕ್ಷಮಿಸುವ ಅವಸರವೂ ನನಗಿಲ್ಲ.

ಹೋದ ತಿಂಗಳು ಹನ್ನೊಂದರ ಬೆಳಿಗ್ಗೆ ಅವಳು ಹೋದಳು. ಮೂರು ವಾರದ ಮೇಲೆ ರವಿಚಂದ್ರರು ಕರೆಸಿದರು. ರಿಜಿಸ್ಟರಿನಲ್ಲಿ ಇನ್ನೂ ಮುನ್ನೂರ ಹದಿನೇಳು ಹೆಸರುಗಳಿಗೆ ‘ಕೇಳಿದೆ’ ಎಂಬ ಗುರುತು ಬಿದ್ದಿರಲಿಲ್ಲ. ಅಕ್ಷತ ಈಗ ಆ ಕಂಪನಿಯಲ್ಲಿಲ್ಲ. ಹೊಸಬರು ಒಂದು ಮೇಲ್ ಕಳಿಸಿದ್ದರು. ಖಾಲಿ ಇರುವ ನಂಬರುಗಳನ್ನು ಹಳೆಯ ಪಟ್ಟಿಯಿಂದ ತಾವೇ ತುಂಬಿಕೊಡುತ್ತಾರಂತೆ, ಒಪ್ಪಿಗೆ ಎಂದು ಒಂದು ಉತ್ತರ ಬರೆದರೆ ಸಾಕಂತೆ. ಹಳೆಯ ಪಟ್ಟಿ ಎಂದರೆ ಯಜಮಾನರ ಪಟ್ಟಿ.

“ಏನು ಬರೀತೀರಿ?” ಎಂದೆ.

“ಬೇಡ ಅಂತ ಬರೆದಾಯ್ತು” ಎಂದರು ಡಾಕ್ಟರು. “ಆದ್ರೆ ಈ ಮುನ್ನೂರು ಜನಾನ ಕೇಳೋರು ಯಾರೂ ಇಲ್ವಲ್ಲ ಅಂತ.”

ನಾನು ನಿವೃತ್ತಳಾಗಿ ಎಂಟು ತಿಂಗಳಾಗಿದೆ. ರಿಜಿಸ್ಟರ್ ಕೊಡಿ ಎಂದೆ.

ಹೋದ ಬುಧವಾರ ಹತ್ತರಿಂದ ಐದರವರೆಗೆ ಆ ಕಡೆಯ ಬೀದಿಗಳಲ್ಲಿ ಕರೆಂಟಿರಲಿಲ್ಲ. ಬೇರೆ ಶೆಡ್ಡುಗಳಿಂದ ಬಂದು ಗೋಪಾಲಪ್ಪನ ಶೆಡ್ಡಿಗೆ ಹೊಸದಾಗಿ ಸೇರಿದ ಆರು ಜನರ ಹೆಸರು ಬಾಕಿ ಇತ್ತು. ಅವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನನ್ನೂ ಕೈಯಲ್ಲಿದ್ದ ರಿಜಿಸ್ಟರನ್ನೂ ನೋಡಿದ.

“ಯಾರ್ ಕಳ್ಸಿದ್ದು ನಿಮ್ಮನ್ನ?”

“ಅಮ್ಮಯಮ್ಮ.”

“ಅವ್ಳು ಹೋಗಿ ತಿಂಗ್ಳಾಯ್ತಲ್ಲ ಟೀಚರಮ್ಮ.”

ನಾನು ಯಾವತ್ತೂ ಟೀಚರಾಗಿರಲಿಲ್ಲ. ತಿದ್ದಲಿಲ್ಲ. “ಆಯ್ತು. ಕಳ್ಸಿದ್ದು ಅವ್ಳೇ” ಎಂದೆ.

“ಸತ್ಮೇಲೂ ಬಿಡಲ್ವಾ?”

“ಬಿಡಲ್ಲ.”

ಅವನು ಬೇರೆ ಕಡೆ ಮುಖ ತಿರುಗಿಸಿಕೊಂಡ. ಕುರ್ಚಿ ಸರಿಸಲಿಲ್ಲ. ನಾನು ಎದುರಿನ ಚಪ್ಪಡಿಯ ಮೇಲೆ ಕೂತೆ. ಕೂದಲಲ್ಲಿ ನೂಲಿನ ಧೂಳು ಮೆತ್ತಿಕೊಂಡಿದ್ದ ಇಪ್ಪತ್ತೈದರ ಹೆಂಗಸೊಬ್ಬಳು ಬಂದು ನಿಂತಳು. ಹೆಸರು ಹುಡುಕಿದೆ. ನಿನ್ನ ಸ್ವಂತ ನಂಬರ್ ಇದ್ದರೆ ಹೇಳು, ನಿನ್ನ ಚೀಟಿ ರಿಪೋರ್ಟು ನಿನ್ನ ಫೋನಿಗೆ ಮಾತ್ರ ಬರುತ್ತದೆ ಎಂದು ಅಮ್ಮಯಮ್ಮ ಹೇಳುತ್ತಿದ್ದ ಹಾಗೇ ಹೇಳಲು ನೋಡಿದೆ. ದನಿ ಅಷ್ಟು ಜೋರಾಗಿ ಬರಲಿಲ್ಲ.

“ಕೊಡಲ್ಲ” ಎಂದಳು ಅವಳು. “ನೀವ್ಯಾರೋ ನಂಗ್ ಗೊತ್ತಿಲ್ಲ. ಯಾಕ್ ಕೊಡ್ಬೇಕು?”

“ಕೊಡ್ಬೇಡ” ಎಂದೆ.

ಅವಳ ಹೆಸರಿನ ಮುಂದೆ ನಂಬರಿನ ಜಾಗವನ್ನು ಖಾಲಿ ಬಿಟ್ಟು, ಕೊನೆಯ ಕಾಲಮ್ಮಿನಲ್ಲಿ ‘ಕೇಳಿದೆ, ಬೇಡ ಎಂದಳು’ ಎಂದು ಬರೆದೆ. ಬರೆದದ್ದನ್ನು ಅವಳ ಕಡೆ ತಿರುಗಿಸಿ ತೋರಿಸಿದೆ. ಅವಳು ಅಕ್ಷರದ ಮೇಲೆ ಬೆರಳಿಟ್ಟು ಓದಿ, ಸರಿ ಎಂದು ತಲೆಯಾಡಿಸಿ ಹೋದಳು. ಮುನ್ನೂರ ಹದಿನಾರು ಹೆಸರು ಉಳಿದವು.